ಬೀಗ ಹಾಕಿದ ಫ್ರಿಜ್ಜು, ಇನ್ನೂರು ವ್ಯಾಟಿನ ಇನ್ವರ್ಟರು

ನಿಜಗುಣ ಅಜ್ಜಾರಿಗೆ ಮಠವಿರಲಿಲ್ಲ, ಮಿನಿಬಸ್ಸಿತ್ತು. ಅದರಲ್ಲೇ ಪೂಜೆ, ಅದರಲ್ಲೇ ನಿದ್ದೆ. ಅದರಲ್ಲೇ, ಕೇಳಿದಿರಾ, ಮನೆಯಲ್ಲಿಡುವಂಥ ಆಳೆತ್ತರದ ಫ್ರಿಜ್ಜು. ಮೇಲೊಂದು ಬೀಗ ಬೇರೆ!

ಸನ್ಯಾಸಿಯ ಫ್ರಿಜ್ಜಿಗೆ ಬೀಗ ಯಾಕೆ? ಹೋದ ಊರಲ್ಲೆಲ್ಲ ಇದೇ ಮಾತು. ಒಬ್ಬರು ಬಾಟ್ಲಿ ಅಂದರು, ಒಬ್ಬರು ಕೋಳಿ ಅಂದರು.

ಒಳಗಿದ್ದದ್ದು ಪಾರವ್ವನ ಸಕ್ಕರೆ ಕಾಯಿಲೆಯ ಇನ್ಸುಲಿನ್. ಪಾರವ್ವ ಅಂದರೆ ಶಿಷ್ಯ ಅಂದಾನೆಪ್ಪನ ತಾಯಿ, ಬಸ್ಸಿನ ಅಡುಗೆಯವಳು. ರಸ್ತೆಯ ತಗ್ಗಿಗೆ ಬಾಗಿಲು ಬಿಚ್ಚಿಕೊಂಡು ಸೀಸೆಗಳು ಉರುಳುತ್ತಿದ್ದವು, ಅದಕ್ಕೇ ಬೀಗ. ಇಷ್ಟು ಸಪ್ಪೆ ಸಂಗತಿ ಯಾರಿಗೆ ಬೇಕು ಹೇಳಿ?

ಎಲ್ಲೇ ನಿಂತರೂ ಗುಡಿಯಿಂದ ವೈರು ಎಳೆದು ಫ್ರಿಜ್ಜು ನಡೆಸುತ್ತಿದ್ದರು. ಈ ಸಲ ಅಜ್ಜಾರು ಹೊಳೆದಂಡೆಯಲ್ಲಿ ಒಂದು ತಿಂಗಳು ಕೂರುತ್ತೇನೆ ಅಂದರು. ಅಲ್ಲಿ ಕರೆಂಟಿನ ಕಂಬವೇ ಇಲ್ಲ. ಬಿಸಿಲೋ, ನೆತ್ತಿ ಸಿಡಿಯುವಂಥದ್ದು.

"ಬ್ಯಾಟರಿಗೆ ಒಂದು ಇನ್ವರ್ಟರ್ ತಂದು ಹಚ್ಚು," ಎಂದು ಶಿಷ್ಯನಿಗೆ ಹೇಳಿದರು.

ಅಂದಾನೆಪ್ಪ ಫ್ರಿಜ್ಜಿನ ಬೆನ್ನಿನ ಚೀಟಿ ಓದಿದ. ನೂರೈವತ್ತು ವ್ಯಾಟ್. ಅಂಗಡಿಯವನು ದೊಡ್ಡದು ತೋರಿಸಿದ. ಇವನು ಇನ್ನೂರರದ್ದೇ ತಂದ. ಮೊದಲೇ ಜನ ಆಡಿಕೊಳ್ಳುತ್ತಾರೆ, ಅಷ್ಟು ದೊಡ್ಡ ಯಂತ್ರ ಕಂಡರೆ ಬಿಡುತ್ತಾರೆಯೇ?

ಹಚ್ಚಿದ. ಬೀಗ ತೆಗೆದು ನೋಡಿದರೆ ಒಳಗೆ ದೀಪ ಹತ್ತಿತ್ತು. ಟುಕ್ ಎಂದು ಏಳಹೋದ ಫ್ರಿಜ್ಜು ನಡುಗಿ ಕೂತಿತು. ಇನ್ವರ್ಟರು ಕೀಂವ್ ಎಂದು ಚೀರಿ ಆರಿತು.

ಮತ್ತೆ ಹಚ್ಚಿದ. ಮತ್ತೆ ಟುಕ್, ಮತ್ತೆ ಕೀಂವ್.

ಮಧ್ಯಾಹ್ನದೊಳಗೆ ಬಸ್ಸಿನ ಹಳೇ ಬ್ಯಾಟರಿಯೂ ಸತ್ತಿತು. ಫ್ರಿಜ್ಜಿನ ಕೆಳಗೆ ನೀರು ಹನಿಯತೊಡಗಿತು.

ಪಾರವ್ವ ಸೀಸೆಗಳಿಗೆ ಒದ್ದೆ ಬಟ್ಟೆ ಸುತ್ತಿ ಗಡಿಗೆಯಲ್ಲಿಟ್ಟಳು. "ಸಂಜೀತನಕ ತಡೀತೈತೇನೋ ಯಪ್ಪಾ?"

ಅಂದಾನೆಪ್ಪ ಅಜ್ಜಾರ ಹತ್ತಿರ ಓಡಿದ.

"ಅಜ್ಜಾರ, ನೂರೈವತ್ತು ಬೇಡೋದಕ್ಕ ಇನ್ನೂರು ಕೊಟ್ಟೇನ್ರಿ. ಐವತ್ತು ಹೆಚ್ಚಿಗೇನ ಐತಿ. ಯಾಕ ಏಳವಲ್ದು?"

"ಬಸ್ಸು ನೂಕು."

"ಏನ್ರಿ?"

"ಆ ಇಳಿಜಾರಿನ ತನಕ ನೂಕು. ಅಲ್ಲಿಂದ ತಾನೇ ಶುರು ಆಗ್ತೈತಿ."

ಅಜ್ಜಾರು ಸ್ಟೇರಿಂಗ್ ಹಿಡಿದು ಕೂತರು. ಅಂದಾನೆಪ್ಪ ಹೆಗಲು ಕೊಟ್ಟ. ಕಾಲು ಜಾರಿತು, ಬಸ್ಸು ಬೆರಳಷ್ಟೂ ಕದಲಲಿಲ್ಲ.

ಬಟ್ಟೆ ಒಗೆಯಲು ಬಂದ ಫಕೀರವ್ವ ಬಟ್ಟೆ ಬಿಟ್ಟು ಬಸ್ಸನ್ನೇ ಇಣುಕುತ್ತಿದ್ದಳು. ಬೀಗ ತೆಗೆದ ಸುದ್ದಿ ಮುಟ್ಟಿತ್ತಲ್ಲ! ಜೊತೆಗೆ ಇನ್ನೂ ಆರು ಮಂದಿ.

"ಬರ್ರೆವ್ವಾ, ಒಳಗ ನೋಡ್ರಿ," ಅಜ್ಜಾರೇ ಕರೆದರು.

ನೋಡಿದರು. ಒಂದು ಮೊಸರಿನ ಪಾತ್ರೆ. ಪಕ್ಕದಲ್ಲಿ ಔಷಧಿಯ ಗಡಿಗೆ ತಬ್ಬಿ ಕೂತ ಪಾರವ್ವ.

"ಇಷ್ಟೇನಾ?" ಫಕೀರವ್ವನ ಮುಖ ಹುಣಸೆಹಣ್ಣು ತಿಂದಂತಾಯಿತು.

"ನೋಡೂದಾತಲ್ಲ. ಈಗ ನೂಕ್ರಿ."

ಏಳು ಮಂದಿ ಕೈ ಹಚ್ಚಿದರು. ಬಸ್ಸು ನರಳಿತು, ಅಲುಗಿತು, ಉರುಳಿತು.

"ಫಕೀರವ್ವಾ, ನೀ ಕೈ ಬಿಡು."

ಬಿಟ್ಟಳು. ಬಸ್ಸು ನಿಲ್ಲಲಿಲ್ಲ.

"ನೀವೂ ಬಿಡ್ರಿ."

ಒಬ್ಬೊಬ್ಬರಾಗಿ ಏಳೂ ಮಂದಿ ಹಿಂದೆ ಸರಿದರು. ಅಂದಾನೆಪ್ಪನ ಎರಡು ಕೈ ಮಾತ್ರ ಉಳಿದವು. ಬಸ್ಸು ಹೋಗುತ್ತಲೇ ಇತ್ತು.

ಇಳಿಜಾರಿನಲ್ಲಿ ಎಂಜಿನ್ ಗುಡುಗಿತು. ಅಂದಾನೆಪ್ಪ ಓಡಿ ಬಂದು ಹತ್ತಿದ. ತಾಯಿಯ ಗಡಿಗೆ ಮುಟ್ಟಿ ನೋಡಿದ. ಇನ್ನೂ ತಂಪಿತ್ತು.

"ಅಜ್ಜಾರ, ಲಗೂನ ಅಂಗಡಿ ಮುಟ್ಟೂಣ್ರಿ. ಆದ್ರ ಅಲ್ಲಿ ಏನಂತ ಕೇಳಲಿ?"

ಅಜ್ಜಾರು ಗೇರು ಬದಲಿಸಿದರು.

"ಆಗ ಓಡಾಕ ಸಾಕಾಗೂ ನಿನ್ನ ಎರಡು ಕೈಯಷ್ಟು ಕೇಳಿ ತಂದಿ. ಈಗ ಫ್ರಿಜ್ಜು ಎಬ್ಬಿಸಾಕ ಆ ಏಳು ಮಂದೀನ್ನ ಕೇಳು."