ಹೂಜಿಯ ಮೇಲೆ ಬಿಟ್ಟ ಜಾಗ

ಹಿಂದೆ ಗ್ರೀಸ್ ದೇಶದಲ್ಲಿ ಲೈಕೋನ ಅಂತ ಒಬ್ಬ ಕುಂಬಾರನಿದ್ದ. ಅವನ ಹೆಂಡತಿ ಮೆಲಿತ. ಅವನು ಹೂಜಿ ಮಾಡುತ್ತಿದ್ದ. ಅವಳು ಅದರ ಮೇಲೆ ಚಿತ್ರ ಬರೆಯುತ್ತಿದ್ದಳು. ಕುದುರೆ, ಹಡಗು, ದ್ರಾಕ್ಷಿ ಬಳ್ಳಿ. ಜನ ಚಿತ್ರ ನೋಡಿಯೇ ಕೊಳ್ಳುತ್ತಿದ್ದರು.

ಆ ದೇಶದಲ್ಲಿ ಒಂದು ಪದ್ಧತಿ. ಮಾಡಿದವನ ಹೆಸರನ್ನು ಹೂಜಿಯ ಮೇಲೆ ಬರೆಯುವುದು. ಅದೂ ಹೂಜಿಯೇ ಮಾತಾಡಿದ ಹಾಗೆ. ‘ಲೈಕೋನ ನನ್ನನ್ನು ಮಾಡಿದ.’ ಹಾಗೆ ಬರೆಯುತ್ತಿದ್ದವಳೂ ಮೆಲಿತಳೇ. ಅವಳ ಅಪ್ಪ ಅವಳಿಗೆ ಅಕ್ಷರ ಕಲಿಸಿದ್ದ. ಲೈಕೋನನಿಗೆ ಓದು ಬರಹ ಬರುತ್ತಿರಲಿಲ್ಲ.

ಒಂದು ದಿನ ಮೆಲಿತ ಕುಂಚ ಹಿಡಿದುಕೊಂಡೇ ಕೇಳಿದಳು.

“ರೀ, ಚಿತ್ರ ಬರೆದವಳ ಹೆಸರೂ ಹಾಕಲಾ? ಇಲ್ಲಿ ಕೆಳಗೆ. ಚಿಕ್ಕದಾಗಿ.”

ಲೈಕೋನ ನಕ್ಕ. “ಹೂಜಿಗೆ ಅಪ್ಪ ಸಾಲದಾ? ಅಮ್ಮನೂ ಬೇಕಾ?”

“ಬೇಡ್ವಾ ಮತ್ತೆ?”

“ಮುಂದೆ ನೋಡೋಣ ಬಿಡೇ.”

ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಅವಸರ ಏನಿದೆ, ಇಬ್ಬರೂ ಇಲ್ಲೇ ಇರ್ತೀವಲ್ಲ ಅಂದುಕೊಂಡ. ಅವಳು ಮತ್ತೆ ಕೇಳಲಿಲ್ಲ.

ಆ ಚಳಿಗಾಲ ಮೆಲಿತಳಿಗೆ ಜ್ವರ ಬಂತು. ಹೋಗಿಬಿಟ್ಟಳು.

ಲೈಕೋನ ಆಮೇಲೆ ತಿಗರಿ ಚಕ್ರ ಮುಟ್ಟಲಿಲ್ಲ. ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕಲಿಲ್ಲ. ಅವಳು ಕೊನೆಯಲ್ಲಿ ಚಿತ್ರ ಬರೆದ ಹೂಜಿ ಸುಡದೆ ಮೂಲೆಯಲ್ಲೇ ಇತ್ತು.

ಅವನಿಗೆ ಈಗ ಒಂದೇ ಆಸೆ. ಅವಳ ಹೆಸರು ಎಲ್ಲಾದರೂ ಒಂದು ಕಡೆ ಇರಬೇಕು. ತನಗೆ ಓದಲು ಬರದು ಅಂತ ಅವಳಿಗೆ ಗೊತ್ತಿತ್ತಲ್ಲ. ತನಗೆ ತಿಳಿಯದ ಹಾಗೆ ಒಂದರ ಮೇಲಾದರೂ ಬರೆದುಕೊಂಡಿರಬಹುದು. ಬರೆದುಕೊಂಡಿದ್ದರೆ ಸಾಕು.

ಯಾವಾಗಲೂ ಬರುವ ಎಣ್ಣೆ ವ್ಯಾಪಾರಿ ಬಂದ.

“ಅಣ್ಣಾ, ಇವುಗಳ ಮೇಲೆ ಏನಿದೆ, ಸ್ವಲ್ಪ ಓದಿ ಹೇಳು.”

“ನಿನ್ನ ಹೂಜಿ ನಿನಗೇ ಪರಿಚಯ ಮಾಡಿಸಬೇಕೇನಯ್ಯಾ?” ಅಂತ ವ್ಯಾಪಾರಿ ನಕ್ಕ. ಲೈಕೋನನ ಮುಖ ನೋಡಿದ. ಸುಮ್ಮನೆ ಕೂತು ಒಂದು ಹೂಜಿ ಎತ್ತಿಕೊಂಡ. “ಲೈಕೋನ ನನ್ನನ್ನು ಮಾಡಿದ.”

“ಇದರ ಮೇಲೆ?”

“ಅದೇ.”

“ಇದರಲ್ಲಿ? ಕೆಳಗೆ ನೋಡು. ಚಿಕ್ಕದಾಗಿ ಏನಾದರೂ?”

“ಇಲ್ಲಪ್ಪ. ಅದೇ.”

ಅಟ್ಟಣೆಯ ಮೇಲಿದ್ದದ್ದೆಲ್ಲ ಮುಗಿಯಿತು. ಎಲ್ಲದರ ಮೇಲೂ ಅವನದೇ ಹೆಸರು. ಅವಳು ಕದ್ದು ಬರೆದುಕೊಂಡಿರಲಿಲ್ಲ. ಬರೆದುಕೊಂಡಿದ್ದರೆ ಚೆನ್ನಾಗಿತ್ತು.

ವ್ಯಾಪಾರಿ ಮೂಲೆಯಲ್ಲಿದ್ದ ಹೂಜಿ ತೆಗೆದ.

“ಇದರಲ್ಲಿ ಇನ್ನೊಂದು ಸಾಲು ಇದೆ ನೋಡು. ಮೊದಲು ಖಾಲಿ ಜಾಗ. ಆಮೇಲೆ, ‘ನನ್ನ ಮೇಲೆ ಚಿತ್ರ ಬರೆದಳು.’ ಯಾರು ಅಂತ ಇಲ್ಲ.”

ಒಂದು ಹೆಸರು ಹಿಡಿಯುವಷ್ಟು ಜಾಗ. ಅವನು ಹೂಂ ಅನ್ನಲಿ ಅಂತ ಕಾದಿದ್ದಳು.

ಲೈಕೋನ ಎದ್ದು ಬಣ್ಣ ಕಲಸಿದ. ಅವಳ ಕುಂಚ ತಂದು ವ್ಯಾಪಾರಿಯ ಕೈಗೆ ಕೊಟ್ಟ.

“ಏನಂತ ಬರೆಯಲಿ?”

“ಮೆಲಿತ.”

ಮನೆಯಲ್ಲಿ ಅವಳನ್ನು ಅವನು ‘ಏ’ ಅಂತಲೇ ಕರೆಯುತ್ತಿದ್ದ. ಆ ಹೆಸರು ಅವನ ಬಾಯಲ್ಲಿ ಬಂದು ಬಹಳ ಕಾಲವಾಗಿತ್ತು.

ವ್ಯಾಪಾರಿ ಬರೆದ. ಅಕ್ಷರ ಸೊಟ್ಟಗಿತ್ತು. ಅವಳ ಅಕ್ಷರದ ಹಾಗಿರಲಿಲ್ಲ.

ಲೈಕೋನ ಆವಿಗೆ ಹೊತ್ತಿಸಿದ. ಆ ಹೂಜಿ ಒಂದನ್ನೇ ಇಟ್ಟು ಸುಟ್ಟ. ಹೆಸರು ಕಪ್ಪಗೆ ಗಟ್ಟಿಯಾಗಿ ನಿಂತಿತು. ಆ ದೇಶದ ಪದ್ಧತಿಯಂತೆ ಅದಕ್ಕೆ ಎಣ್ಣೆ ತುಂಬಿ ಅವಳ ಗೋರಿಯ ಹತ್ತಿರ ಇಟ್ಟ. ಆ ಹೆಸರಿನ ಮೇಲೆ ಬೆರಳು ಆಡಿಸಿದ. ಅವನಿಗೆ ಓದಲು ಬರದು. ಓದಲು ಬರುತ್ತಿದ್ದವಳು ಮಣ್ಣಿನ ಕೆಳಗಿದ್ದಳು.

ನೀತಿ: ಜೊತೆಗೆ ದುಡಿದವರ ಹೆಸರನ್ನು ಅವರು ಇರುವಾಗಲೇ ಹೇಳಬೇಕು, ಅವರಿಗೆ ಕೇಳುವ ಹಾಗೆ ಹೇಳಬೇಕು. ‘ಮುಂದೆ ನೋಡೋಣ’ ಅಂದರೆ, ಮುಂದೆ ನೋಡುವುದಕ್ಕೆ ನಾವೊಬ್ಬರೇ ಉಳಿಯುತ್ತೇವೆ.