ಅಪ್ಪನ ತುತ್ತು

"ವಸ್ತಾದ್ರೆ, ಒಂದೇ ಒಂದು ಹೆಸರು ಹೇಳಿ. ನನ್ನ ಮಗಳನ್ನು ಹೀಗೆ ಮಾಡಿದವರು ಯಾರು?"

ಹಾಲೇಶಿ ಕೇಳಿದ್ದು ಇಷ್ಟೇ. ಕೇಳಿದವನು ಗರಡಿಮನೆಯ ಕಟ್ಟೆಯ ಮೇಲೆ ಕೂರಲಿಲ್ಲ. ನಿಂತೇ ಇದ್ದ.

ದುಗ್ಗಪ್ಪ ವಸ್ತಾದರು ಗೋಡೆಗೆ ಒರಗಿ ಕೂತಿದ್ದರು. ಎಂಬತ್ತು ದಾಟಿದ ಜೀವ. ಅಕ್ಷರ ಬಾರದು, ರುಜುವಿಗೆ ಹೆಬ್ಬೆಟ್ಟೇ ಗತಿ. ಆದರೆ ಮೂರು ತಲೆಮಾರಿನ ಪೈಲ್ವಾನರು ಅವರ ಕೈಯಲ್ಲಿ ಮಣ್ಣು ಮುಕ್ಕಿ ಮೇಲೆದ್ದಿದ್ದರು. ಹಾಲೇಶಿಯೂ ಹನ್ನೆರಡನೆಯ ವಯಸ್ಸಿನಿಂದ ಅವರ ಶಿಷ್ಯ. ಆ ಓಣಿಯಲ್ಲಿ ಜಗಳ ಹತ್ತಿದರೆ ಜನ ಸ್ಟೇಷನ್ನಿಗೆ ಹೋಗುವ ಮೊದಲು ಗರಡಿಗೆ ಬರುತ್ತಿದ್ದರು. ವಸ್ತಾದರ ಬಾಯಿಂದ ಬಿದ್ದ ಮಾತನ್ನು ಮೀರಿದವರಿಲ್ಲ.

"ನಾನು ಹುಟ್ಟಿದಾಗ ಒಂದು ಮಣ ತೂಗಿದ್ದೆ," ಎಂದು ನಕ್ಕರು ವಸ್ತಾದರು. "ಜೋಳ ತೂಗುವ ತಕ್ಕಡಿಯಲ್ಲಿ ಇಟ್ಟರಂತೆ. ಸರಪಳಿ ಪಟ್ಟನೆ ಹರಿಯಿತಂತೆ. ಸೂಲಗಿತ್ತಿ ಗೌರಕ್ಕ ಎದುರಿಗೇ ಇದ್ದಳು."

ಗೌರಕ್ಕ ಸತ್ತು ಐವತ್ತು ವರ್ಷವಾಗಿತ್ತು. ತಕ್ಕಡಿ ಯಾವತ್ತೋ ಗುಜರಿ ಸೇರಿತ್ತು. ಅಲ್ಲ ಎನ್ನಲು ಊರಲ್ಲಿ ಒಂದು ಹುಳುವೂ ಉಳಿದಿರಲಿಲ್ಲ. ಬೇರೆ ದಿನವಾಗಿದ್ದರೆ ಹಾಲೇಶಿ ಹೊಟ್ಟೆ ಹಿಡಿದು ನಗುತ್ತಿದ್ದ.

"ನಿಮ್ಮ ತೂಕ ಹಾಗಿರಲಿ. ನನ್ನ ಮಗಳ ತೂಕ ಕೇಳಿ. ಒಂಬತ್ತು ವರ್ಷ. ಐವತ್ತೆಂಟು ಕೆಜಿ."

ವಸ್ತಾದರ ನಗು ಅಲ್ಲಿಗೇ ನಿಂತಿತು.

ಹಾಲೇಶಿ ಬಾಂಬೆ ಬಸ್ಸಿನ ಡ್ರೈವರು. ಸಂಜೆ ಆರಕ್ಕೆ ಸ್ಟೇರಿಂಗ್ ಹಿಡಿದರೆ ಬೆಳಗಾಗುವುದು ಅಲ್ಲಿ. ಮರುಸಂಜೆ ಅಲ್ಲಿಂದ ಹೊರಟರೆ ಅದರ ಮರುಬೆಳಿಗ್ಗೆ ಊರು. ಮನೆಗೆ ಬಂದವನು ನಾಲ್ಕು ತುತ್ತು ಉಂಡು ಮಲಗುತ್ತಿದ್ದ. ಎದ್ದರೆ ಮತ್ತೆ ಬಸ್ಸು. ಹೀಗೆ ಎಂಟು ವರ್ಷ ನಡೆದಿತ್ತು.

ಆ ಸೋಮವಾರ ಮಗಳು ಸಿಂಚನಾ ಸ್ಕೂಲಿನ ಮೆಟ್ಟಿಲು ಹತ್ತುತ್ತಿದ್ದವಳು ನಡುವೆ ಕೂತುಬಿಟ್ಟಳು. ಉಸಿರು ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ಇಬ್ಬರು ಟೀಚರುಗಳು ಹಿಡಿದು ಇಳಿಸಿದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಏರತೊಡಗಿದೆ, ಇದು ಮುದುಕರಿಗೆ ಬರುವ ಕಾಯಿಲೆ, ಹೀಗೇ ಬಿಟ್ಟರೆ ಮುಂದೆ ಕಷ್ಟ ಎಂದರು. ಬಿಲ್ಲಿನ ಹಿಂದೆ ಏನೇನು ತಿನ್ನಬಾರದು ಎಂದು ಬರೆದುಕೊಟ್ಟರು. ಅದನ್ನು ಓದುವ ಮೊದಲೇ ಮನೆಯಲ್ಲಿ ಜಗಳದ ಬೆಂಕಿ ಹತ್ತಿತು.

"ಅವ್ವ ಮಾಡಿದ್ದು ಅಂತಾಳೆ ನನ್ನ ಹೆಂಡತಿ," ಎಂದ ಹಾಲೇಶಿ. "ಸುಳ್ಳಲ್ಲ. ಮಗು ಮೈದುಂಬಿಕೊಂಡಿರಬೇಕು ಅಂತ ಅವ್ವ ದೋಸೆ ಮೇಲೆ ಬೆಣ್ಣೆ ಇಡ್ತಾಳೋ, ಬೆಣ್ಣೆ ಮೇಲೆ ದೋಸೆ ಇಡ್ತಾಳೋ ಗೊತ್ತಾಗಲ್ಲ. ಸಾಕು ಅಂದರೆ ದೃಷ್ಟಿ ತೆಗೆದು ಇನ್ನೊಂದು ಹಾಕ್ತಾಳೆ. ಅವ್ವನನ್ನ ಕೇಳಿದರೆ ನಿನ್ನ ಹೆಂಡತಿ ಮಾಡಿದ್ದು ಅಂತಾಳೆ. ಅದೂ ಸುಳ್ಳಲ್ಲ. ನಾನು ಮಲಗಿದಾಗ ಮಗು ಸದ್ದು ಮಾಡಬಾರದು ಅಂತ ರೇಣುಕಾ ಒಂದು ಚಿಪ್ಸ್ ಪೊಟ್ಟಣ ಹರಿದು, ಕೈಗೆ ಮೊಬೈಲು ಕೊಟ್ಟು ಮೂಲೆಯಲ್ಲಿ ಕೂರಿಸ್ತಾಳೆ. ಒಂದು ಮುಗಿದರೆ ಇನ್ನೊಂದು. ಮೂಲೆ ಅಂಗಡಿಯವನಂತೂ ನಮ್ಮ ಮಗು ಬಂದರೆ ಕೇಳದೇನೇ ಪೊಟ್ಟಣಗಳ ಸರ ಹರಿದುಕೊಡ್ತಾನೆ."

"ಈಗ ಏನು ಮಾಡಬೇಕು ಅಂತಿದ್ದೀಯ?"

"ಬೆಳಿಗ್ಗೆ ಇಬ್ಬರಿಗೂ ಹೇಳಿದ್ದೀನಿ. ನಾಲ್ಕು ಗಂಟೆಗೆ ಹೆಸರು ತರ್ತೀನಿ, ಯಾರ ಹೆಸರು ಬರುತ್ತೋ ಅವರು ಇವತ್ತೇ ಮನೆ ಬಿಡಬೇಕು ಅಂತ. ಅವ್ವನದ್ದು ಬಂದರೆ ಅವ್ವ ಅಕ್ಕನ ಮನೆಗೆ. ರೇಣುಕಾದು ಬಂದರೆ ಅವಳು ರಾಣೆಬೆನ್ನೂರಿನ ತವರಿಗೆ. ನೀವು ಹೇಳಿದರೆ ಇಬ್ಬರೂ ಒಪ್ತಾರೆ."

ಎರಡು ಚೀಲಗಳು ಆಗಲೇ ಪಡಸಾಲೆಯಲ್ಲಿ ಕೂತಿದ್ದವು. ಹಾಲೇಶಿ ಹೊರಡುವಾಗ ಸಿಂಚನಾ ಅವುಗಳ ನಡುವೆ ನೆಲದ ಮೇಲೆ ಕೂತು, ತನ್ನ ಬಟ್ಟೆ ಯಾವ ಚೀಲದಲ್ಲಿದೆ ಎಂದು ಕೇಳಿದ್ದಳು. ಯಾರೂ ಉತ್ತರ ಕೊಟ್ಟಿರಲಿಲ್ಲ. ಆ ಮಾತನ್ನು ಅವನು ವಸ್ತಾದರಿಗೆ ಹೇಳಲಿಲ್ಲ.

"ಪಟ್ಟಿಯಲ್ಲಿ ಅವ್ವ ಇದ್ದಾಳೆ, ಹೆಂಡತಿ ಇದ್ದಾಳೆ, ಅಂಗಡಿಯವನೂ ಇದ್ದಾನೆ," ಎಂದರು ವಸ್ತಾದರು. "ನೀನು?"

"ನಾನಾ?" ಹಾಲೇಶಿ ಎದೆ ತಟ್ಟಿಕೊಂಡ. "ನನ್ನ ಕೈಯಿಂದ ಒಂದು ತುತ್ತು ತಿಂದವಳಲ್ಲ ವಸ್ತಾದ್ರೆ ಅವಳು! ನಾನು ಮನೆಯಲ್ಲಿ ಇದ್ದರೆ ತಾನೇ? ದೇವರಾಣೆಗೂ ಈ ಪಾಪ ನನ್ನದಲ್ಲ. ಮೂರೂಕಾಲು ಆಯ್ತು. ಹೆಸರು ಹೇಳಿ."

"ಕೂತುಕೋ," ಎಂದರು ವಸ್ತಾದರು. "ನಿಂತವನಿಗೆ ನಾನು ಕುಸ್ತಿ ಕಲಿಸಿದ್ದೇನೆ, ಕತೆ ಹೇಳಿದವನಲ್ಲ. ಇದು ನಾನು ಕಣ್ಣಾರೆ ಕಂಡದ್ದು."

ಹಾಲೇಶಿ ಕಟ್ಟೆಯ ಅಂಚಿಗೆ ಕೂತ. ವಸ್ತಾದರು ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಹೊರಟರೆ ಆರು ತಿಂಗಳು. ಬಂದರೆ ಎಂಟು ದಿನ. ಅವನಿಗೆ ಒಂದೇ ಮಗು.

ಅಪ್ಪ ಹೊರಟ ದಿನ ಮಗು ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಅಜ್ಜಿ ಕಾಗೆಯ ತುತ್ತು ಎಂದಳು, ಗುಬ್ಬಿಯ ತುತ್ತು ಎಂದಳು, ಚಂದಮಾಮನ ತುತ್ತು ಎಂದಳು. ಮಗು ಹಲ್ಲು ಕಚ್ಚಿ ಕೂತಿತು. ಮೂರನೆಯ ದಿನ ಅಜ್ಜಿ ಅನ್ನ ಕಲಸಿ, "ಇದು ಅಪ್ಪನ ತುತ್ತು. ಇದನ್ನು ನುಂಗಿದರೆ ಅಪ್ಪ ಒಂದು ಹೆಜ್ಜೆ ಮನೆ ಕಡೆ ಬರುತ್ತಾನೆ," ಎಂದಳು.

ಮಗು ಬಾಯಿ ತೆರೆಯಿತು.

ಗುಟ್ಟು ತಾಯಿಗೂ ತಿಳಿಯಿತು. ಮಗು ಅತ್ತರೆ ಅಪ್ಪನ ತುತ್ತು. ಮಲಗದಿದ್ದರೆ ಅಪ್ಪನ ತುತ್ತು. ಬೀದಿಗೆ ಆಡಲು ಹೋಗುತ್ತೇನೆ ಎಂದರೆ, "ನೀನು ಓಡಾಡಿದರೆ ಅಪ್ಪನ ದಾರಿ ತಪ್ಪುತ್ತದೆ, ಕೂತು ತಿನ್ನು." ಮಗು ಕೂತು ತಿಂದಿತು. ಹೊಟ್ಟೆ ತುಂಬಿದ ಮೇಲೂ ತಿಂದಿತು. ಅಪ್ಪನ ಹೆಸರಿಗೆ ಅದು ಒಮ್ಮೆಯೂ ಬೇಡ ಎನ್ನಲಿಲ್ಲ.

ಗುಟ್ಟು ಮಿಠಾಯಿ ಅಂಗಡಿಯವನಿಗೂ ತಿಳಿಯಿತು. ಅವನು ದೊಡ್ಡದೊಂದು ಲಾಡು ಕಟ್ಟಿ ಅದಕ್ಕೆ 'ಹತ್ತು ಹೆಜ್ಜೆ' ಎಂದು ಹೆಸರಿಟ್ಟ. ನೆರೆಯವರು ಬಂದು ಕೆನ್ನೆ ಹಿಂಡಿದರು. ಎಷ್ಟು ಮುದ್ದಾಗಿದೆ, ಉಂಡ ಮನೆಯ ಮಗು ಅಂದರೆ ಹೀಗಿರಬೇಕು ಎಂದರು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲ. ದೃಷ್ಟಿ ದೊಡ್ಡದು ಎಂದುಕೊಂಡಳು. ಅದಕ್ಕೇ ಇನ್ನೂ ಸ್ವಲ್ಪ ಹೆಚ್ಚೇ ಉಣ್ಣಿಸಿದಳು.

ಮಗು ಎಷ್ಟು ದಪ್ಪವಾಯಿತೆಂದರೆ ಮೊದಲು ಮಣೆ ಮುರಿಯಿತು. ಆಮೇಲೆ ಮಂಚ ಮುರಿಯಿತು. ಕೊನೆಗೆ ಮಗು ಬಾಗಿಲಲ್ಲಿ ಹಿಡಿಸದಾಯಿತು.

"ನಾನೇ ಮೊಳ ಹಾಕಿ ಅಳೆದೆ," ಎಂದರು ವಸ್ತಾದರು. "ಬಾಗಿಲು ಎರಡು ಮೊಳ. ಮಗು ಎರಡೂವರೆ."

ಹಾಲೇಶಿಯ ಮೊಬೈಲು ಬಡಿದುಕೊಂಡಿತು. ರೇಣುಕಾ. ಅವನು ಕಟ್ ಮಾಡಿದ. ಮೂರೂವರೆ ಆಗಿತ್ತು.

ಆರು ತಿಂಗಳಿಗೆ ವ್ಯಾಪಾರಿ ಬಂದ. ಬೀದಿಯಲ್ಲಿ ನಿಂತು ಮಗುವನ್ನು ಕೂಗಿದ. ಮಗು ಓಡಿಬರಲಿಲ್ಲ. ಗೋಡೆ ಹಿಡಿದು ಬಾಗಿಲವರೆಗೆ ಬಂದು ಅಲ್ಲೇ ನಿಂತು ಏದುಸಿರು ಬಿಟ್ಟಿತು. ವ್ಯಾಪಾರಿ ಎತ್ತಿನ ಹಗ್ಗವನ್ನು ಅಲ್ಲೇ ಬಿಟ್ಟ. ಒಂದು ಮಚ್ಚು ತರಿಸಿದ. ಒಂದು ಮರದ ದಿಮ್ಮಿ ಉರುಳಿಸಿ ಬಾಗಿಲ ಎದುರಿಗೆ ಇಟ್ಟ. ಹಿರಿಯರನ್ನು ಕರೆಸಿದ.

"ನನ್ನ ಮಗುವಿಗೆ ಇದನ್ನು ಉಣ್ಣಿಸಿದ ಕೈ ಯಾವುದು, ಹೇಳಿ. ಅದನ್ನು ಈ ದಿಮ್ಮಿಯ ಮೇಲೆ ಇಡಬೇಕು," ಎಂದ.

ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಕೊಟ್ಟದ್ದು ಹಾಲನ್ನ, ಲಾಡು ಸೊಸೆಯದು ಎಂದಳು. ಸೊಸೆ, ತುತ್ತಿನ ಮಾತು ಕಲಿಸಿದವರು ಅತ್ತೆ ಎಂದಳು. ಅಂಗಡಿಯವನು, ನಾನು ಮಾರಿದವನು, ಬಾಯಿಗೆ ಇಟ್ಟವನಲ್ಲ ಎಂದ. ನೆರೆಯವರು, ನಾವು ಹೊಗಳಿದೆವು, ಹೊಗಳಿದರೆ ಯಾರಾದರೂ ಊದುತ್ತಾರೆಯೇ ಎಂದರು. ಎಲ್ಲರ ಬೆರಳೂ ಇನ್ನೊಬ್ಬರ ಕಡೆಗೆ. ಒಂದು ಬೆರಳಿಗೂ ನೆಲೆ ಸಿಗಲಿಲ್ಲ.

ಹಿರಿಯರಲ್ಲಿ ಒಬ್ಬ ಎದ್ದು ಬಾಗಿಲ ಬಳಿ ಹೋದ.

"ಮಗಾ, ಹೆದರಬೇಡ. ನಿನಗೆ ಉಣ್ಣಿಸಿದ್ದು ಯಾರು? ಬಾಯಿಬಿಟ್ಟು ಹೇಳಬೇಡ, ಬೆರಳು ತೋರಿಸು ಸಾಕು."

ಮಗು ಮಚ್ಚನ್ನು ನೋಡಿತು. ಅಜ್ಜಿಯ ಸೆರಗನ್ನು ನೋಡಿತು. ಅಮ್ಮನ ಕೈ ನೋಡಿತು. ಬೆರಳು ಎತ್ತಲಿಲ್ಲ.

"ಯಾರೂ ಉಣ್ಣಿಸಲಿಲ್ಲ," ಎಂದಿತು. "ನಾನು ಅಪ್ಪನನ್ನು ಕರೆಯುತ್ತಿದ್ದೆ."

ಆಮೇಲೆ ಅಪ್ಪನ ಕಡೆ ತಿರುಗಿತು. "ಅಪ್ಪಾ, ಇನ್ನೂ ಎಷ್ಟು ತುತ್ತು ಉಳಿದಿತ್ತು?"

ವ್ಯಾಪಾರಿಯ ಕೈಯಿಂದ ಮಚ್ಚು ಜಾರಿತು. ಹಿರಿಯರು ತಲೆ ತಗ್ಗಿಸಿಕೊಂಡು ಮನೆಗೆ ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಅಪ್ಪ ಮಗು ಇಬ್ಬರೂ ಕೆರೆ ಏರಿಯ ಮೇಲೆ ನಡೆಯುತ್ತಿದ್ದರು. ಮಗು ನಾಲ್ಕು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿತ್ತು. ಅಪ್ಪನೂ ನಿಲ್ಲುತ್ತಿದ್ದ.

ವಸ್ತಾದರು ಕತೆ ನಿಲ್ಲಿಸಿ ತಂಬಿಗೆಯ ನೀರು ಕುಡಿದರು.

ಹಾಲೇಶಿ ಸಿಟ್ಟು ಮಾಡಿಕೊಂಡ.

"ಅಂದರೆ? ತಪ್ಪು ನನ್ನದು ಅಂತಲಾ? ಬಸ್ಸು ಬಿಟ್ಟು ಮನೆಯಲ್ಲಿ ಕೂರಬೇಕಾ ನಾನು? ಆ ಬಸ್ಸು ಓಡಿದರೆ ತಾನೇ ಅವ್ವನಿಗೆ ಬೆಣ್ಣೆ, ಅವಳಿಗೆ ಪೊಟ್ಟಣ?"

"ವ್ಯಾಪಾರಿಯೂ ವ್ಯಾಪಾರ ಬಿಡಲಿಲ್ಲ. ಊರಿಗೆ ಉಪ್ಪು ಬೇಡವೇನೋ? ನಾನು ಕತೆ ಹೇಳಿದೆ. ತಪ್ಪು ಹೇಳಿದೆನಾ?"

"ಹೆಸರು ಕೇಳಿದೆ ನಾನು!"

ಮೊಬೈಲು ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿದ. ರೇಣುಕಾ ಹೆಚ್ಚು ಮಾತಾಡಲಿಲ್ಲ. "ಏನಂದ್ರು? ನಾನಾ, ಅತ್ತೆಯಾ? ಆಟೋದವನು ಬಾಗಿಲಿಗೆ ಬಂದಿದ್ದಾನೆ," ಎಂದಳು. ಅವಳ ಹಿಂದೆ ಅವ್ವ ಮೂಗು ಸೀಟುವ ಸದ್ದು ಕೇಳಿಸಿತು. ಮಗಳ ಸದ್ದು ಕೇಳಿಸಲಿಲ್ಲ. ಮನೆಯಲ್ಲಿ ಮಗಳ ಸದ್ದನ್ನು ತಾನು ಕಡೆಯ ಸಲ ಕೇಳಿದ್ದು ಯಾವಾಗ ಎಂದು ಹಾಲೇಶಿ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

"ಐದು ನಿಮಿಷ ತಡಿ," ಎಂದು ಮೊಬೈಲು ಇಟ್ಟ.

ಅವನು ಪೈಲ್ವಾನ. ಮಣ್ಣಿಗೆ ಬೆನ್ನು ತಾಗುವ ಹೊತ್ತಿಗೂ ಎದುರಾಳಿಯ ಮೈಯಲ್ಲಿ ಒಂದು ಹಿಡಿತ ಹುಡುಕುವುದು ಈ ಗರಡಿಯಲ್ಲೇ ಕಲಿತ ವಿದ್ಯೆ. ಹುಡುಕಿದ. ಸಿಕ್ಕಿತು.

"ಸುಳ್ಳು!" ಎಂದು ಎದ್ದು ನಿಂತ. "ಇಡೀ ಕತೆಯೇ ಸುಳ್ಳು ವಸ್ತಾದ್ರೆ. ಬಾಗಿಲು ಎರಡು ಮೊಳ, ಮಗು ಎರಡೂವರೆ ಅಂದಿರಿ. ನೀವೇ ಅಳೆದದ್ದು ಅಂದಿರಿ. ಬಾಗಿಲಲ್ಲಿ ಹಿಡಿಸದ ಮಗು ರಾತ್ರಿ ಕಳೆಯೋದರೊಳಗೆ ಕೆರೆ ಏರಿಗೆ ಹೇಗೆ ಬಂತು? ಹೇಳಿ ನೋಡೋಣ!"

ಅರವತ್ತು ವರ್ಷದಲ್ಲಿ ದುಗ್ಗಪ್ಪ ವಸ್ತಾದರನ್ನು ಮಾತಿನಲ್ಲಿ ಚಿತ್ ಮಾಡಿದವರು ಇರಲಿಲ್ಲ. ಇವತ್ತು ಅದೂ ಆಯಿತು. ಅವರು ಒಮ್ಮೆ ಹೆಗಲು ಕುಣಿಸಿದರು, ಅಷ್ಟೆ.

"ಮಗು ಹೇಗೆ ಹೊರಗೆ ಬಂತೋ ನಾನು ಕಾಣೆ ಕಣೋ, ಅಪ್ಪ ಒಳಗೆ ಹೋದದ್ದನ್ನು ಮಾತ್ರ ನೋಡಿದೆ."

ಹಾಲೇಶಿ ಮನೆ ಕಡೆ ಒಂದು ಹೆಜ್ಜೆ ಇಟ್ಟ.