ಗಾಯ ಅಳೆದ ದಾರ

“ಗುರುಗಳೇ, ಹಲ್ಲೆಗೆ ಸಿಕ್ಕಿ ಬಂದವರಿಗೆ ಎಷ್ಟು ಪರಿಹಾರ ಕೊಡಬೇಕು? ಅವರ ನೋವನ್ನು ಅಳೆಯುವುದು ಹೇಗೆ?” ಎಂದು ಮರುಳಯ್ಯ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ನೊಂದವರಿಗೆಂದು ಮಠದಲ್ಲಿ ಒಂದು ಹುಂಡಿ ಇತ್ತು. ಅದರ ಬೀಗದ ಕೈಯನ್ನು ಗುರುಗಳು ಹೋದ ತಿಂಗಳಷ್ಟೇ ಈ ಶಿಷ್ಯನಿಗೆ ಒಪ್ಪಿಸಿದ್ದರು. ಈ ದಿನ ಬೆಳಿಗ್ಗೆ ಮೊಸರು ಮಾರುವ ಹೆಂಗಸೊಬ್ಬಳು ಮಠದ ಬಾಗಿಲಿಗೆ ಬಂದಿದ್ದಳು. ದಾರಿಯಲ್ಲಿ ಯಾರೋ ಅವಳ ಕಿವಿಯೋಲೆ ಕೇಳಿ, ಕೊಡದಿದ್ದಾಗ ತೋಳಿಗೆ ಕತ್ತಿ ಬೀಸಿ ಓಡಿದ್ದರು. ಅವಳು ಸೆರಗನ್ನು ತೋಳಿಗೆ ಒತ್ತಿ ಹಿಡಿದಿದ್ದಳು. ಮರುಳಯ್ಯ ಅವಳನ್ನು ಬಾಗಿಲ ಕಟ್ಟೆಯ ಮೇಲೆ ಕೂರಿಸಿ, ಕೇಳಿಕೊಂಡು ಬರುತ್ತೇನೆಂದು ಒಳಗೆ ಬಂದಿದ್ದ. ಹೆಚ್ಚು ಕೊಟ್ಟರೆ ಹುಂಡಿ ಬರಿದಾದೀತು, ಕಡಿಮೆ ಕೊಟ್ಟರೆ ಅನ್ಯಾಯವಾದೀತು ಎಂಬ ಚಿಂತೆ ಅವನಿಗೆ. ಇವಳಿಗೂ, ಮುಂದೆ ಬರುವವರಿಗೂ ಸಲ್ಲುವ ಒಂದು ನಿಯಮ ಬೇಕಾಗಿತ್ತು.

ಗುರುಗಳು ಎಲ್ಲವನ್ನೂ ಕೇಳಿದರು. ಅಡುಗೆಯ ಹೊಂಬವ್ವನನ್ನು ಕರೆದು ಮೆಲ್ಲಗೆ ಏನೋ ಹೇಳಿ ಕಳಿಸಿದರು. ಮರುಳಯ್ಯ ಅದನ್ನು ಗಮನಿಸಲಿಲ್ಲ. ಅವನ ತಲೆಯಲ್ಲಿ ನಿಯಮ ಓಡುತ್ತಿತ್ತು.

“ನಿನ್ನ ಹಾಗೆಯೇ ನಿಯಮ ಹುಡುಕಿದವನೊಬ್ಬನ ಕತೆ ಇದೆ. ಅವಸರವಿದ್ದರೆ ಆಮೇಲೆ ಹೇಳುತ್ತೇನೆ,” ಎಂದರು ಗುರುಗಳು.

“ನನಗೇನು ಅವಸರ, ಹೇಳಿ,” ಎಂದು ಮರುಳಯ್ಯ ಚಾಪೆಯ ಮೇಲೆ ಕಾಲು ಮಡಚಿ ಕುಳಿತ.

ಗುರುಗಳು ಹೇಳತೊಡಗಿದರು.

ಒಂದು ಪಟ್ಟಣವಿತ್ತು. ಅದರ ದಾರಿ ಕಾಡಿನ ನಡುವೆ ಹಾದು ಬರುತ್ತಿತ್ತು. ದಾರಿ ಕಾಯುತ್ತೇವೆಂದು ಹೇಳಿ ಪಟ್ಟಣದವರು ಹೋಗಿಬರುವವರಿಂದ ಸುಂಕ ತೆಗೆದುಕೊಳ್ಳುತ್ತಿದ್ದರು. ಅಲ್ಲಿನ ಒಡೆಯ ವಿವೇಕಿ. ಕಾಯುತ್ತೇವೆಂದು ಸುಂಕ ತೆಗೆದುಕೊಂಡ ಮೇಲೆ, ಆ ದಾರಿಯಲ್ಲಿ ಯಾರ ಮೈಮೇಲೆ ಕತ್ತಿ ಬಿದ್ದರೂ ಪರಿಹಾರದ ಹೊಣೆ ನಮ್ಮದು, ಕಳ್ಳ ಸಿಗಲಿ ಸಿಗದಿರಲಿ, ಎಂದು ಕಟ್ಟಳೆ ಮಾಡಿದ. ಇದಕ್ಕಿಂತ ಒಳ್ಳೆಯ ಕಟ್ಟಳೆಯನ್ನು ನಾನು ಕೇಳಿಲ್ಲ. ಪರಿಹಾರ ಹಂಚುವ ಕೆಲಸವನ್ನು ಒಬ್ಬ ಕರಣಿಕನಿಗೆ ವಹಿಸಿದ.

ಕರಣಿಕ ಬಹಳ ಪ್ರಾಮಾಣಿಕ. ಪ್ರಾಮಾಣಿಕರಿಂದ ಆಗುವ ತೊಂದರೆ ಬೇರೆಯೇ ಥರದ್ದು. ಮೊದಮೊದಲು ಅವನು ಗಾಯ ನೋಡಿ, ಮನೆಯ ಸ್ಥಿತಿ ವಿಚಾರಿಸಿ, ತೋಚಿದಷ್ಟು ಕೊಡುತ್ತಿದ್ದ. ಜನ ಸುಮ್ಮನಿರುತ್ತಾರೆಯೇ? ತನ್ನವರಿಗೆ ಹೆಚ್ಚು ಕೊಡುತ್ತಾನೆ ಎಂದು ಆಡಿಕೊಂಡರು. ಅವನಿಗೆ ಅನ್ನ ಸೇರಲಿಲ್ಲ. ಯೋಚಿಸಿ ಯೋಚಿಸಿ ಒಂದು ದಾರ ತಂದ. ಗಾಯದ ಉದ್ದಕ್ಕೆ ದಾರ ಹಿಡಿಯುವುದು, ದಾರ ಎಷ್ಟು ಬೆರಳಗಲ ಬಂತೋ ಅಷ್ಟು ತಿಂಗಳ ದವಸ ಕೊಡುವುದು. ಅಳೆಯುವುದು ಅಮಾವಾಸ್ಯೆಯ ದಿನ ಮಾತ್ರ, ಏಕೆಂದರೆ ಊರಿನ ನಾಲ್ವರು ಹಿರಿಯರು ಚಾವಡಿಯಲ್ಲಿ ಸೇರುತ್ತಿದ್ದುದು ಅಂದೇ. ಅವರ ಕಣ್ಣೆದುರು ಅಳೆದರೆ ಯಾರೂ ಬಾಯಿ ತೆಗೆಯುವಂತಿರಲಿಲ್ಲ. ಕರಣಿಕನಿಗೆ ನೆಮ್ಮದಿಯಾಯಿತು.

ಒಂದು ಅಮಾವಾಸ್ಯೆ ಕಳೆದ ಎರಡನೆಯ ದಿನ ನೇಕಾರನೊಬ್ಬ ಸೀರೆಯ ಗಂಟು ಹೊತ್ತು ಆ ದಾರಿಯಲ್ಲಿ ಬರುತ್ತಿದ್ದ. ಕಳ್ಳರು ಅಡ್ಡಗಟ್ಟಿದರು. ಗಂಟು ಕಿತ್ತುಕೊಂಡದ್ದು ಸಾಲದೆಂದು ಬಲಗೈಗೆ ಕತ್ತಿ ಹಾಕಿದರು. ಮಣಿಕಟ್ಟಿನಿಂದ ಮೇಲಕ್ಕೆ ಎಂಟು ಬೆರಳಿನಷ್ಟು ಸೀಳಿತು. ನೇಕಾರ ರಕ್ತ ಸುರಿಸಿಕೊಂಡೇ ಚಾವಡಿಗೆ ಬಂದ.

“ಈಗಲೇ ಅಳೆದುಬಿಡಿ ಸ್ವಾಮಿ,” ಎಂದ.

ಕರಣಿಕನ ಕಣ್ಣಲ್ಲಿ ನೀರು ಬಂತು. ಅವನು ಕಲ್ಲೆದೆಯವನಲ್ಲ. “ನಾನೊಬ್ಬನೇ ಅಳೆದರೆ ನಾಳೆ ಊರು ಏನನ್ನುತ್ತದಪ್ಪಾ? ಅಮಾವಾಸ್ಯೆಗೆ ಬಾ. ನಿನಗೆ ಒಂದು ಕಾಳೂ ಕಡಿಮೆಯಾಗದ ಹಾಗೆ ನೋಡಿಕೊಳ್ಳುತ್ತೇನೆ,” ಎಂದ.

ಚಾವಡಿಯ ಹೊರಗೆ ಒಬ್ಬ ಕುಂಬಾರ ಸಿಕ್ಕ. ಹಿಂದೆ ಅವನೂ ಅದೇ ದಾರಿಯಲ್ಲಿ ಏಟು ತಿಂದಿದ್ದ. ಪಂಚೆ ಎತ್ತಿ ಕಾಲಿನ ಕಲೆ ತೋರಿಸಿದ. “ನನ್ನದು ಆರು ಬೆರಳಿತ್ತು. ಹೆಂಡತಿ ಅರಿಶಿನ ಹಚ್ಚಿ ಕಟ್ಟಿದಳು. ಅಮಾವಾಸ್ಯೆ ಬರುವ ಹೊತ್ತಿಗೆ ಕೂಡಿಕೊಂಡು ಎರಡೇ ಬೆರಳು ಉಳಿದಿತ್ತು. ಎರಡು ತಿಂಗಳ ದವಸ ಸಿಕ್ಕಿತು. ಸರಿಯಾಗಿ ನಡೆಯುವುದಕ್ಕೆ ಆರು ತಿಂಗಳು ಬೇಕಾಯಿತು,” ಎಂದ.

ನೇಕಾರ ಮನೆ ಮುಟ್ಟುವವರೆಗೆ ಅದನ್ನೇ ಯೋಚಿಸಿದ. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಈ ಕೈ ಮತ್ತೆ ಮಗ್ಗಕ್ಕೆ ಬರಲು ಕಡಿಮೆಯೆಂದರೂ ಎಂಟು ತಿಂಗಳು. ಗಾಯವೂ ಎಂಟು ಬೆರಳು. ಸರಿಹೋಗುತ್ತದೆ. ಆದರೆ ಗಾಯ ಕುಗ್ಗಬಾರದು.

ಹೆಂಡತಿ ಅರಿಶಿನ ತೇಯ್ದು ತಂದಳು. ಅವನು ಕೈ ಹಿಂದಕ್ಕೆಳೆದುಕೊಂಡ.

“ಮುಟ್ಟಬೇಡ. ಅಮಾವಾಸ್ಯೆವರೆಗೆ ಇದು ಹೀಗೇ ಇರಬೇಕು.”

“ಕೈಯೇ ಹೋದರೆ ಆ ದವಸ ತಂದು ಏನು ಮಾಡೋಣ?”

ಅವನು ಮಲಗಿದ್ದಾಗ ಅವಳು ಬಟ್ಟೆ ಕಟ್ಟಿದಳು. ಎದ್ದವನು ಹಲ್ಲಿನಿಂದ ಗಂಟು ಬಿಚ್ಚಿದ. ಗಾಯದ ಅಂಚು ಕೂಡಿಕೊಳ್ಳುತ್ತಿದೆ ಅನ್ನಿಸಿದಾಗ ಉಗುರಿನಿಂದ ಬಿಡಿಸಿದ.

“ಇದೆಂಥ ಹುಚ್ಚು ಗುರುಗಳೇ,” ಎಂದ ಮರುಳಯ್ಯ.

“ಹುಚ್ಚಲ್ಲ. ನಿಯಮ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು,” ಎಂದು ಗುರುಗಳು ಮುಂದುವರಿಸಿದರು.

ಹನ್ನೆರಡನೆಯ ದಿನ ಜ್ವರ ಬಂತು. ಹದಿನೈದನೆಯ ದಿನ ಬಾವು ಮೊಣಕೈ ದಾಟಿತು. ಹೆಂಡತಿ ವೈದ್ಯನನ್ನು ಕರೆತಂದಳು. ವೈದ್ಯ ಕೈಯನ್ನು ಮೂಸಿ ನೋಡಿದ. ಇವತ್ತು ತೊಳೆದು ಮದ್ದು ಕಟ್ಟಿದರೆ ಕೈ ಉಳಿದೀತು, ನಾಳೆಯ ಮಾತು ನಾನು ಹೇಳಲಾರೆ ಎಂದ. ನೇಕಾರ ಅವನನ್ನು ಕೇಳಿದ್ದು ಒಂದೇ ಮಾತು: ಅಮಾವಾಸ್ಯೆಗೆ ಇನ್ನೆಷ್ಟು ದಿನ?

ಹದಿಮೂರು ದಿನವಿತ್ತು.

ಹೆಂಡತಿ ಚಾವಡಿಗೆ ಓಡಿದಳು. ಒಂದೇ ಒಂದು ಸಲ ಬಂದು ಇವತ್ತೇ ಅಳೆದುಕೊಂಡು ಹೋಗಿ, ಆಮೇಲೆ ಅವರು ಮದ್ದು ಕಟ್ಟಿಸಿಕೊಳ್ಳುತ್ತಾರೆ ಎಂದು ಕರಣಿಕನ ಕಾಲು ಹಿಡಿದಳು. ಕರಣಿಕ ಪೆಟ್ಟಿಗೆಯಿಂದ ದಾರ ತೆಗೆದ. ಎದ್ದ. ಹೊಸ್ತಿಲವರೆಗೆ ಬಂದ. ಅವಳು ಆಗಲೇ ಮುಂದೆ ಮುಂದೆ ನಡೆಯುತ್ತಿದ್ದಳು. ಅಷ್ಟರಲ್ಲಿ ಬೀದಿಯ ಎದುರು ಕೂತಿದ್ದ ಇಬ್ಬರು ಇವನನ್ನೇ ನೋಡುತ್ತಿರುವುದು ಕಾಣಿಸಿತು. ಕರಣಿಕ ನಿಂತ. ದಾರವನ್ನು ಬೆರಳಿಗೆ ಸುತ್ತಿಕೊಂಡು ಒಳಗೆ ಹೋದ.

ಅವಳು ತಿರುಗಿ ನೋಡಿದಾಗ ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಏನನ್ನಿಸಿತೋ, ಅದನ್ನು ಅಳೆಯುವ ದಾರವನ್ನು ಯಾರೂ ಹೊಸೆದಿಲ್ಲ.

ಅಮಾವಾಸ್ಯೆ ಬಂತು. ನೇಕಾರ ಹೆಂಡತಿಯ ಹೆಗಲ ಮೇಲೆ ಭಾರ ಹಾಕಿ ಚಾವಡಿಗೆ ಬಂದ. ಹಿರಿಯರು ಮೂಗಿಗೆ ಬಟ್ಟೆ ಹಿಡಿದುಕೊಂಡರು. ಕರಣಿಕ ದಾರ ಹಿಡಿದ. ಬೆರಳಿಟ್ಟು ಎಣಿಸಿದ. ಹನ್ನೊಂದು ಬಂತು. ಎಂಟು ಬೆರಳಿನ ಗಾಯ ಹನ್ನೊಂದಕ್ಕೆ ಬೆಳೆದಿತ್ತು. ನೇಕಾರ ಆ ಜ್ವರದಲ್ಲೂ ನಕ್ಕ. ಆ ಊರಿನಲ್ಲಿ ಅಷ್ಟು ಪರಿಹಾರ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಹಿರಿಯರು ಕರಣಿಕನನ್ನು ಹೊಗಳಿದರು. ಅಂದೇ ಗಾಡಿಯಲ್ಲಿ ಹನ್ನೊಂದು ತಿಂಗಳ ದವಸ ನೇಕಾರನ ಮನೆ ಸೇರಿತು, ಒಂದು ಕಾಳೂ ಕಡಿಮೆಯಿಲ್ಲದೆ.

ಮೂರನೆಯ ದಿನ ವೈದ್ಯ ಆ ಕೈಯನ್ನು ಕತ್ತರಿಸಿ ತೆಗೆದ. ಹನ್ನೆರಡನೆಯ ತಿಂಗಳು ಮನೆಯ ಮಗ್ಗ ಮಾರಾಟವಾಯಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಮುಖ ಕೆಂಪೇರಿತ್ತು.

“ಆ ಕರಣಿಕನಿಗೆ ಕಣ್ಣಿರಲಿಲ್ಲವೇ ಗುರುಗಳೇ? ಬಾಗಿಲಿಗೆ ಬಂದವನ ಕೈಯಿಂದ ರಕ್ತ ಸುರಿಯುತ್ತಿದ್ದರೂ ನಿಯಮದ ಮಾತಾಡಿದನಲ್ಲ. ಮೊದಲು ಒಂದು ಬಟ್ಟೆ ಕಟ್ಟಬೇಕೆಂದು ತೋಚಲಿಲ್ಲವೇ ಅವನಿಗೆ?” ಎಂದ.

ಗುರುಗಳು ಶಿಷ್ಯನ ಸೊಂಟದಲ್ಲಿದ್ದ ಬೀಗದ ಕೈಯನ್ನು ನೋಡಿದರು.

“ಹೊಂಬವ್ವ ಆಗಲೇ ಆ ಹೆಂಗಸಿನ ತೋಳು ತೊಳೆದು ಬಟ್ಟೆ ಕಟ್ಟಿದ್ದಾಳೆ, ನೀನು ಅಳೆಯಲು ಹೋದಾಗ ಅದನ್ನು ಬಿಚ್ಚಬೇಡ,” ಎಂದರು.